ಕೈ ನಡುಗುವವರ ಕೂಟ

ಶಿವಾರಪಟ್ಟಣದಲ್ಲಿ ಬೆಳಿಗ್ಗೆ ಎದ್ದರೆ ಮೊದಲು ಕೇಳಿಸೋದು ಉಳಿಯ ಸದ್ದು. (ಈಗ ಗ್ರೈಂಡರ್ ಸದ್ದೂ ಸೇರಿಕೊಂಡಿದೆ, ಅದು ಬೇರೆ ಮಾತು.) ಮಾಲೂರು ತಾಲೂಕಿನ ನಮ್ಮೂರಲ್ಲಿ ಕೆತ್ತಿದ ದೇವರುಗಳು ಎಲ್ಲೆಲ್ಲಿನ ಗುಡಿಗಳಿಗೋ ಹೋಗುತ್ತವೆ. ನಮ್ಮ ಚಿಕ್ಕಪ್ಪ ವಿಗ್ರಹದ ಮುಖ ಕೆತ್ತುವವರು. ಮೂಗಿನ ತುದಿ ಹಾರಿದರೆ ತಿಂಗಳ ಕೆಲಸ ನೀರುಪಾಲು. ಅಂಥವರ ಕೈ ಬೆಳಿಗ್ಗೆ ಎದ್ದರೆ ನಡುಗುತ್ತಿತ್ತು. ಒಂದು ನೈಂಟಿ ಒಳಗೆ ಹೋದ ಮೇಲೆ ನಿಲ್ಲುತ್ತಿತ್ತು. ಉಳಿ ಹಿಡಿಯೋಕೇ ಕುಡಿಯಬೇಕು ಅನ್ನುವ ಸ್ಥಿತಿ.

ಬುದ್ಧಿ ಹೇಳಿ ಹೇಳಿ ನಮ್ಮ ಮನೆಯವರೆಲ್ಲ ಸೋತಿದ್ದರು. ನನ್ನ ಬುದ್ಧಿವಾದವೂ ಖಾಲಿಯಾದಾಗ ಅವರಿಗೆ ಒಂದು ಕಥೆ ಹೇಳಿದೆ. ಅದು ಕಥೆಯಲ್ಲ, ನಡೆದದ್ದು.

1935ರ ಮೇ ತಿಂಗಳು. ಅಮೆರಿಕದ ಓಹಾಯೋ ರಾಜ್ಯದ ಆ್ಯಕ್ರನ್ ಪಟ್ಟಣ. ನ್ಯೂಯಾರ್ಕಿನ ಷೇರುಪೇಟೆಯವನೊಬ್ಬ, ಬಿಲ್ ವಿಲ್ಸನ್ ಅಂತ, ವ್ಯವಹಾರಕ್ಕೆಂದು ಬಂದು ಕೈಸುಟ್ಟುಕೊಂಡು ಹೋಟೆಲಿನಲ್ಲಿದ್ದ. ಕುಡಿತ ಬಿಟ್ಟು ಆರು ತಿಂಗಳೂ ಆಗಿರಲಿಲ್ಲ. ಒಂದು ಕಡೆ ಬಾರ್, ಇನ್ನೊಂದು ಕಡೆ ಟೆಲಿಫೋನ್. ಅವನು ಫೋನ್ ಹಿಡಿದ. ಈ ಊರಲ್ಲಿ ನನ್ನಂಥ ಕುಡುಕ ಯಾರಾದರೂ ಇದ್ದಾರಾ, ಮಾತಾಡಬೇಕು ಅಂತ ವಿಚಾರಿಸಿದ. ಸಿಕ್ಕಿದ್ದು ಬಾಬ್ ಸ್ಮಿತ್ ಅನ್ನೋ ಡಾಕ್ಟರು. ಆಪರೇಷನ್ ಮಾಡುವ ಸರ್ಜನ್, ಕೈ ನಡುಗುವವರು. ಹದಿನೈದೇ ನಿಮಿಷ ಅಂತ ಬಂದವರು ಐದಾರು ಗಂಟೆ ಕೂತರು. ಬಿಲ್ ಅವರಿಗೆ ಉಪದೇಶ ಮಾಡಲಿಲ್ಲ, ತನ್ನ ಪಾಡು ಹೇಳಿಕೊಂಡ. ಬಾಬ್ ಆಮೇಲೂ ಒಂದು ಸಲ ಜಾರಿದರು. ಆಪರೇಷನ್ ಇದ್ದ ದಿನ ಬೆಳಿಗ್ಗೆ ಕೈ ನಿಲ್ಲಲಿ ಅಂತ ಬಿಲ್ಲೇ ಒಂದು ಬಿಯರ್ ಕೊಟ್ಟ. ಅದೇ ಅವರ ಕೊನೆಯ ಕುಡಿತ. ಆ ದಿನ, 1935ರ ಜೂನ್ 10, ಅಲ್ಕೋಹಾಲಿಕ್ಸ್ ಅನಾನಿಮಸ್ ಸಂಘದ ಹುಟ್ಟುಹಬ್ಬ.

ಚಿಕ್ಕಪ್ಪ ಎಲ್ಲಾ ಕೇಳಿ ಒಂದೇ ಪ್ರಶ್ನೆ ಕೇಳಿದರು. "ಆ ಡಾಕ್ಟರ ಕೈ ಆಮೇಲೆ ನಿಂತಿತೇನಪ್ಪಾ?"

ನಿಂತಿತು. 1950ರಲ್ಲಿ ಸಾಯುವವರೆಗೂ ಅವರು ಕುಡಿಯಲಿಲ್ಲ.

ನಮ್ಮ ದೇಶಕ್ಕೆ ಇದು ಬಂದದ್ದೂ ಒಬ್ಬ ಕುಡುಕ ಇನ್ನೊಬ್ಬನನ್ನು ಹುಡುಕಿದ್ದರಿಂದಲೇ. ದಿಲ್ಲಿಯಲ್ಲಿದ್ದ ಕೆನಡಾದ ರಾಜತಾಂತ್ರಿಕರೊಬ್ಬರು ಪೇಪರಿನಲ್ಲಿ ಜಾಹೀರಾತು ಹಾಕಿದರು, ಬೊಂಬಾಯಿಯಿಂದ ಒಬ್ಬರು ಓಗೊಟ್ಟರು, 1957ರ ಮೇ ತಿಂಗಳಲ್ಲಿ ಅಲ್ಲಿ ಸಭೆ ಶುರುವಾಯಿತು.

ಇತ್ತ ನಮ್ಮ ಕಡೆ ಕುಡಿತದ ಚರಿತ್ರೆ ಅಂದರೆ ಬಹುಪಾಲು ಸರ್ಕಾರದ ಮತ್ತು ಚಳವಳಿಯ ಚರಿತ್ರೆ. ದಲಿತ ಸಂಘರ್ಷ ಸಮಿತಿಯವರು ಹೆಂಡದಂಗಡಿ ಬೇಡ, ವಸತಿ ಶಾಲೆ ಕೊಡಿ ಅಂತ ಬೀದಿಗಿಳಿದರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ ಹೋಯಿತು, ಅದರ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. ಅಂಗಡಿಯ ಬಗ್ಗೆ ಇಷ್ಟೆಲ್ಲ ಜಗಳ ಆಯಿತು, ಅಂಗಡಿಯಿಂದ ಮನೆಗೆ ಹೋಗೋ ಮನುಷ್ಯನ ಜೊತೆ ಕೂತು ಮಾತಾಡಿದವರು ಕಡಿಮೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ಅದನ್ನು ಮಾಡಿದವು. ಎಂಟು ದಿನ ಒಂದೇ ಕಡೆ ಇದ್ದು, ಆಮೇಲೆ ನವಜೀವನ ಸಮಿತಿ ಅಂತ ಬಿಟ್ಟವರೇ ಸೇರಿಕೊಂಡು ಕೂರೋದು. ಅಲ್ಲಿ ಎಲ್ಲ ಬಹಿರಂಗ. ಹೆಂಡತಿ ಮಕ್ಕಳೂ ಬರುತ್ತಾರೆ, ಊರೂ ಬರುತ್ತೆ. ಎಷ್ಟೋ ಜನಕ್ಕೆ ಆ ಊರ ಕಣ್ಣೇ ಬೇಲಿ.

ಚಿಕ್ಕಪ್ಪನಿಗೆ ಅದು ಬೇಡವಾಗಿತ್ತು. ಅವರು ಪ್ರತಿ ವರ್ಷ ಅಯ್ಯಪ್ಪ ಮಾಲೆ ಹಾಕುವವರು. ಆ 41 ದಿನ ಒಂದು ತೊಟ್ಟೂ ಮುಟ್ಟುತ್ತಿರಲಿಲ್ಲ. ನೋಡಿ ಎಂಥ ವಿಚಿತ್ರ! ಮಾಲೆ ಹಾಕಿದವರಿಗೂ ಹೆಸರಿಲ್ಲ, ಎಲ್ಲರೂ "ಸ್ವಾಮಿ". ಸಂಜೆ ಒಟ್ಟಿಗೆ ಭಜನೆ, ಒಬ್ಬರ ಮೇಲೆ ಒಬ್ಬರ ಕಣ್ಣು. ಆ್ಯಕ್ರನ್ನಿನವರು ಕಂಡುಕೊಂಡದ್ದರಲ್ಲಿ ಅರ್ಧ ನಮ್ಮೂರ ಭಜನೆ ಮನೆಯಲ್ಲೇ ಇತ್ತು. ಇಲ್ಲದ್ದು ಒಂದೇ, 42ನೇ ದಿನ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ರಾತ್ರಿಯೇ ಚಿಕ್ಕಪ್ಪ ಬಾಟಲಿ ತೆಗೆಯುತ್ತಿದ್ದರು.

ಬೆಂಗಳೂರಲ್ಲಿ ಕನ್ನಡದ ಸಭೆಯೊಂದನ್ನು ಹುಡುಕಿದೆ. ಅದಕ್ಕೂ ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ದಿನಾ ಕುಡಿಯುವವರು ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯವಾಗಬಹುದು. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಆಮೇಲೊಂದು ಭಾನುವಾರ ಮಾಲೂರಿನಿಂದ ಟ್ರೈನ್ ಹತ್ತಿದೆವು. ಓಪನ್ ಮೀಟಿಂಗ್ ಆದ್ದರಿಂದ ನಾನೂ ಒಳಗೆ ಕೂರಬಹುದಿತ್ತು. ಹತ್ತು ಹದಿನೈದು ಪ್ಲಾಸ್ಟಿಕ್ ಕುರ್ಚಿ, ಚಹಾ, ಬಿಸ್ಕತ್ತು. ಆಟೋ ಓಡಿಸುವವರೊಬ್ಬರು, ನನ್ನ ಹಾಗೆ ಟ್ಯಾಗ್ ನೇತುಹಾಕಿಕೊಂಡ ಹುಡುಗನೊಬ್ಬ. ಫೀಸ್ ಇಲ್ಲ, ಕೊನೆಗೆ ಡಬ್ಬಿ ತಿರುಗಿತು. ಅದರಲ್ಲಿ ಬಿದ್ದದ್ದರಲ್ಲೇ ಬಾಡಿಗೆ, ಚಹಾ. ಯಾರೂ ಯಾರಿಗೂ "ಬಿಡು" ಅನ್ನಲಿಲ್ಲ. ಚಿಕ್ಕಪ್ಪ ಅವತ್ತು ಬರೀ ಹೆಸರು ಹೇಳಿ ಕೂತರು.

ಹಿಂದಿರುಗುವಾಗ ಟ್ರೈನಿನಲ್ಲಿ ಕೇಳಿದೆ, "ಊರಿಗೆಲ್ಲಾ ನೀವು ಕುಡಿಯೋದು ಗೊತ್ತೇ ಇದೆಯಲ್ಲ ಚಿಕ್ಕಪ್ಪ, ಇನ್ನೇನು ಗುಟ್ಟು?"

"ಕುಡಿಯೋದು ಗುಟ್ಟಲ್ಲ ಕಣಪ್ಪಾ. ಬಿಡೋಕೆ ನೋಡ್ತಿರೋದು ಗುಟ್ಟು. ಬಿಟ್ಟು ಮತ್ತೆ ಹಿಡಿದರೆ ನಗ್ತಾರೆ."

ಹೆಸರು ಮುಚ್ಚಿಡೋದು ಕುಡುಕನ ಮರ್ಯಾದೆಗೆ ಅಂತ ನಾನು ಅಂದುಕೊಂಡಿದ್ದೆ. ಮತ್ತೆ ಸೋಲುವ ಹಕ್ಕಿಗೂ ಅದು ಬೇಕು ಅಂತ ಓದಿದ ಯಾವ ಪುಟದಲ್ಲೂ ನನಗೆ ಹೊಳೆದಿರಲಿಲ್ಲ.

ಈಗ ಅವರೊಬ್ಬರೇ ಹೋಗುತ್ತಾರೆ. ಮನೆಯಲ್ಲಿ ಕಲ್ಲಿನ ವ್ಯಾಪಾರ ಅಂತ ಹೇಳಿರುತ್ತಾರೆ, ಚಿಕ್ಕಮ್ಮ ನಂಬಿದವರ ಹಾಗೆ ಬುತ್ತಿ ಕಟ್ಟಿಕೊಡುತ್ತಾರೆ. ಯುಗಾದಿಯ ಹೊತ್ತಿಗೆ ಎರಡು ವಾರ ತಪ್ಪಿಸಿದ್ದರು. ಯಾಕೆ ಅಂತ ನಾನು ಕೇಳಲಿಲ್ಲ. ಮೂರನೇ ಭಾನುವಾರ ಬೆಳಿಗ್ಗೆ ಫೋನ್ ಬಂತು, ಮಾಲೂರಿನಿಂದ ಟ್ರೈನ್ ಎಷ್ಟು ಹೊತ್ತಿಗೆ ಅಂತ.