ಹದಿನಾರಾಣೆ ಹೋಗಿ ನೂರು ಪೈಸೆ ಬಂದ ಯುಗಾದಿ

ನಮ್ಮ ಧಾರವಾಡ ಕಡೆ ಒಂದು ಮನಿಗೆ ವರ್ಷದಾಗ ಎಷ್ಟು ಹೊಸ ವರ್ಷ ಬರತಾವ ಅಂತ ಎಣಿಸಿ ನೋಡ್ರಿ. ಚೈತ್ರದಾಗ ಯುಗಾದಿ ಪಾಡ್ಯ. ದೀಪಾವಳಿ ಪಾಡ್ಯಕ್ಕ ಅಂಗಡಿಯವರ ಹೊಸ ಕಿರ್ದಿ-ಖಾತೆ. ಏಪ್ರಿಲ್ 1ಕ್ಕ ಸರಕಾರದ ಹೊಸ ಲೆಕ್ಕ. ಜನವರಿ 1ಕ್ಕ ಮಕ್ಕಳ ಕೇಕು. ಇದರಾಗ ಎರಡು ಹೊಸ ವರ್ಷ ಒಂದ ದಿನ ಕೂಡಿ ಬಂದು, ಅಡಿಗಿಮನಿ ಲೆಕ್ಕಾನ ತಿರುವಿ ಹಾಕಿದ ಯುಗಾದಿ ಒಂದಿತ್ತು. ಅದರ ಕಥಿ ಇವತ್ತ ಬರೀತೇನಿ.

1957ರ ಏಪ್ರಿಲ್ 1, ಸೋಮವಾರ. ಹೇವಿಳಂಬಿ ಸಂವತ್ಸರದ ಯುಗಾದಿ. ಅದಕ್ಕಿಂತ ಐದು ತಿಂಗಳ ಮುಂಚೆ, 1956ರ ನವೆಂಬರ್ 1ಕ್ಕ, ಮುಂಬೈ ರಾಜ್ಯದಾಗಿದ್ದ ನಮ್ಮ ಧಾರವಾಡ ಜಿಲ್ಲಾ ಮೈಸೂರು ರಾಜ್ಯಕ್ಕ ಸೇರಿತ್ತು. ಕನ್ನಡ ಮಂದಿ ಒಂದ ಮನಿಯವರಾದ ಮ್ಯಾಲೆ ಬಂದ ಮೊದಲ ಯುಗಾದಿ ಅದು. ಅವತ್ತ ದೇಶದ ತುಂಬ ನಯಾ ಪೈಸೆ ಚಾಲ್ತಿಗೆ ಬಂತು.

ಅಲ್ಲೀತನಕ ರೂಪಾಯಿಗೆ 16 ಆಣೆ, ಆಣೆಗೆ 4 ಪೈಸಾ, ಪೈಸಾಕ್ಕ 3 ಪೈ. ಅಂದ್ರ ರೂಪಾಯಿಗೆ 64 ಪೈಸಾ, 192 ಪೈ. ಅವತ್ತಿನಿಂದ ರೂಪಾಯಿಗೆ 100 ಪೈಸೆ, ಅಷ್ಟ. ಹಳೇ ಪೈಸಾಕ್ಕೂ ಇದಕ್ಕೂ ಗೊಂದಲ ಆಗಬಾರದಂತ ಹೆಸರಿನ ಮುಂದ 'ನಯಾ' ಅಂತ ಹಚ್ಚಿದರು. 1964ರ ಜೂನ್ 1ಕ್ಕ ಆ 'ನಯಾ' ತಗದರು.

ಯುಗಾದಿ ದಿನ ಬೇವು ಕುಡದು, ಹೋಳಿಗಿ ಉಂಡು, ಸಂಜಿಕ ಪಂಚಾಂಗ ಕೇಳೋದು ನಮ್ಮಲ್ಲಿ ಪದ್ಧತಿ. ಮಳಿ ಎಷ್ಟು, ಬೆಳಿ ಎಷ್ಟು ಅಂತ ಗಂಡಸರು ಕೇಳತಾರ. ಹೆಣ್ಣಮಕ್ಕಳ ಕಿವಿ ಇರೋದು ಆಯ-ವ್ಯಯದ ಮ್ಯಾಲೆ. ಯಾವ ರಾಶಿಗೆ ಎಷ್ಟು ಆಯ, ಎಷ್ಟು ವ್ಯಯ ಅಂತ ಪಂಚಾಂಗದಾಗ ಅಂಕಿ ಇರತಾವ. ವ್ಯಯ ಹೆಚ್ಚಿದ್ರ ಈ ವರ್ಷ ಕೈ ಬಿಗಿ ಹಿಡಿಬೇಕಂತ ಅಲ್ಲೇ ಮಾತು ಸುರು. ಒಂದು ಲೆಕ್ಕದಾಗ ಮನಿಯ ಬಜೆಟ್ಟು ಅದು. ಆ ವರ್ಷ ಎಲ್ಲಾ ರಾಶಿಯವರಿಗೂ ಒಂದ ಚಿಂತಿ: ಹೊಸ ನಾಣ್ಯದಾಗ ನಮಗೆ ಲುಕ್ಸಾನ ಆಗತದೋ ಏನೋ?

ಚಿಂತಿಗೆ ಕಾರಣ ಇತ್ತು. ಆಣೆಗೆ ಆರೂಕಾಲು ಪೈಸೆ ಬೀಳತದ. ಕಾಲು ಪೈಸೆ ನಾಣ್ಯ ಎಲ್ಲಿಂದ ತರೋದು? ಕಾಯದೆ ಹೇಳಿದ್ದಿಷ್ಟು: ಅರ್ಧ ಪೈಸೆ ಅಥವಾ ಅದಕ್ಕಿಂತ ಕಡಿಮಿ ಇದ್ರ ಬಿಡಬೇಕು, ಹೆಚ್ಚಿದ್ರ ಒಂದು ಪೈಸೆ ಹಿಡಿಬೇಕು. ಆ ಪ್ರಕಾರ ಒಂದಾಣೆಗೆ 6 ಪೈಸೆ, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25.

ನಮ್ಮತ್ತಿಯವರಿಗೆ ಆಗ ಹನ್ನೆರಡು ವರ್ಷ. ಅವರವ್ವ ಸಾಲಿ ಕಲತವರಲ್ಲ. ಆದರ ಎರಡ ದಿನದಾಗ ಇದರ ಒಳಗುಟ್ಟು ಹಿಡದಿದ್ದರಂತ. ಮೂರಾಣೆ ಸಾಮಾನು ಒಮ್ಮೆ ತಂದ್ರ 19 ಪೈಸೆ. ಒಂದಾಣೆದು ಒಮ್ಮೆ, ಎರಡಾಣೆದು ಒಮ್ಮೆ ತಂದ್ರ 18 ಪೈಸೆ! ಹಂಗಾಗಿ ಮಗಳನ್ನ ಎರಡೆರಡು ಸರ್ತಿ ಅಂಗಡಿಗೆ ಓಡಸ್ತಿದ್ದರು. ಒಂದಾಣೆದು ಹದಿನಾರು ಸರ್ತಿ ತಂದ್ರ 96 ಪೈಸೆ, ರೂಪಾಯಿಗೆ 4 ಪೈಸೆ ಉಳೀತು. ಅದ ಅಂಗಡಿಯಾವ ಆಣೆಗೆ 7 ಪೈಸೆ ಅಂತ ಹಿಡದ್ರ ಹದಿನಾರು ಸರ್ತಿಗೆ 112 ಪೈಸೆ, ರೂಪಾಯಿ ಮ್ಯಾಲೆ 12 ಪೈಸೆ ಹೋತು. ಒಂದು ಪೈಸೆಕ್ಕ ಓಣ್ಯಾಗ ಜಗಳ ಆದದ್ದು ಸಣ್ಣ ಮಾತೇನಲ್ಲ ಬಿಡ್ರಿ. ದಿನಾ ಬಿಡಿಬಿಡಿಯಾಗಿ ಎಣ್ಣಿ-ಉಪ್ಪು ತರೋ ಬಡವರ ಮನಿಗೇ ಆ ಪೈಸೆ ಭಾರ.

ಖರೆ ತ್ರಾಸು ಬ್ಯಾರೇನ ಇತ್ತು. ರೊಕ್ಕ ಬದಲಾತು, ತಕ್ಕಡಿ ಬದಲಾಗಲಿಲ್ಲ. ರೂಪಾಯಿಗೆ ಹೆಂಗ 16 ಆಣೆನೋ ಹಂಗ ಶೇರಿಗೆ 16 ಛಟಾಕು. ಬ್ಯಾಳಿ ಶೇರಿಗೆ ಒಂದು ರೂಪಾಯಿ ಅಂದ್ರ ಛಟಾಕಿಗೆ ಒಂದಾಣೆ, ಪಾವಶೇರಿಗೆ ನಾಲ್ಕಾಣೆ, ಅಚ್ಚೇರಿಗೆ ಎಂಟಾಣೆ. ಅಕ್ಷರ ಬರದವರಿಗೂ ನಾಲಿಗಿ ತುದಿಗೇ ಲೆಕ್ಕ. ಅರ್ಧ ಮಾಡಕೋತ ಹೋಗೋದು, ಅಷ್ಟ. ನಯಾ ಪೈಸೆ ಬಂದ ಮ್ಯಾಲೆ ತೂಕ ಹದಿನಾರರಾಗ, ರೊಕ್ಕ ನೂರರಾಗ. ಎರಡಕ್ಕೂ ಹೊಂದಾಣಿಕೆನ ಇಲ್ಲ.

ತೂಕ-ಅಳತಿ ಕಾಯದೆ 1956ರಾಗೇ ಆಗಿತ್ತು. ಆದರ ಕಿಲೋ ಬಂದದ್ದು 1958ರ ಅಕ್ಟೋಬರ್‌ದಿಂದ, ಅದೂ ಹಂತ ಹಂತವಾಗಿ. ಹಳೇ ತೂಕ ಪೂರ್ತಿ ಬಂದ್ ಆಗಲಿಕ್ಕೆ 1962ರ ಏಪ್ರಿಲ್ ಬೇಕಾತು. ಸರಕಾರಿ ಶೇರು ಅಂದ್ರ 80 ತೊಲಿ, ಸುಮಾರು 933 ಗ್ರಾಂ. ಕಿಲೋ ಅದಕ್ಕಿಂತ 67 ಗ್ರಾಂ ಹೆಚ್ಚು. 'ಶೇರು ಇದ್ದಾಗಿನ ರೇಟು ಎಷ್ಟು, ಈಗ ಕಿಲೋಕ್ಕ ಎಷ್ಟು ಆಗಬೇಕು' ಅಂತ ಬಾಜೂಮನಿಯವರೆಲ್ಲ ಕೂಡಿ ಕಟ್ಟಿಮ್ಯಾಲೆ ಕೂತು ಲೆಕ್ಕ ಹಾಕತಿದ್ದರಂತ ಅತ್ತಿಯವರು. ಕಿಲೋ ಬಂದ ಮ್ಯಾಲೆ ಮತ್ತ ಲೆಕ್ಕ ಹಗುರಾತು: ಕಿಲೋಕ್ಕ ರೂಪಾಯಿ ಅಂದ್ರ 100 ಗ್ರಾಮಿಗೆ 10 ಪೈಸೆ. ನಡುವಿನ ವರ್ಷಗಳನ್ನ ದಾಟಿಸಿದ್ದು ಮಾತ್ರ ಈ ಕಟ್ಟಿಮ್ಯಾಲಿನ ಲೆಕ್ಕ.

ಅದ ಮಾರ್ಚ್ 22ಕ್ಕ ಸರಕಾರ ಇನ್ನೊಂದು ಹೊಸ ವರ್ಷಾನೂ ಕೊಟ್ಟಿತ್ತು. ವಿಜ್ಞಾನಿ ಮೇಘನಾದ ಸಹಾ ಅವರ ಸಮಿತಿ ಹೇಳಿದ ರಾಷ್ಟ್ರೀಯ ಪಂಚಾಂಗ, ಶಕ 1879ರ ಚೈತ್ರ 1. ದೇಶಕ್ಕೆಲ್ಲ ಒಂದ ಕ್ಯಾಲೆಂಡರ್ ಇರಲಿ ಅಂತ ಮಾಡಿದ್ದು. ಸರಕಾರಿ ಗೆಜೆಟ್ಟಿನಾಗ, ಆಕಾಶವಾಣಿಯಾಗ ಅದರ ತಾರೀಖು ಬಂತು. ನಮ್ಮ ಹಬ್ಬ, ಲಗ್ನ, ಉಪಾಸ ಮಾತ್ರ ಹಳೇ ತಿಥಿಯಾಗೇ ಉಳದವು. ಹತ್ತು ದಿನದ ಅಂತರದಾಗ ಬಂದ ಎರಡು ಬದಲಾವಣಿ. ಒಂದು ಮನಿ ಹೊಸ್ತಿಲ ದಾಟಿತು, ಇನ್ನೊಂದು ದಾಟಲಿಲ್ಲ. ದಿನಾ ಸಂತ್ಯಾಗ ಕೈಯಾಗ ಹಿಡಿಯೋದನ್ನ ಒಲ್ಲೆ ಅಂದ್ರ ನಡೆಯೂದಿಲ್ಲ. ಗ್ವಾಡಿಮ್ಯಾಲೆ ತೂಗು ಹಾಕೋದನ್ನ ಯಾವುದು ಬೇಕೋ ಅದನ್ನ ಆರಿಸಬಹುದು.

ಬದಲಾದದ್ದೂ ಪೂರ್ತಿ ಬದಲಾಗಲಿಲ್ಲ ನೋಡ್ರಿ. 25 ಪೈಸೆಕ್ಕ ಚಾರಾಣೆ, 50 ಪೈಸೆಕ್ಕ ಆಠಾಣೆ ಅಂತನ ನಾವು ಬೆಳದ್ವಿ. 2011ರ ಜೂನ್ 30ರ ನಂತರ ಚಾರಾಣೆ ನಾಣ್ಯನ ನಡೆಯದಂಗ ಆತು. ಆದರೂ 'ಹದಿನಾರಾಣೆ ಖರೆ' ಅನ್ನೋ ಮಾತು ನಮ್ಮ ಬಾಯಾಗ ಇನ್ನೂ ಐತಿ.

ಈಗ ಹೊಸ ವರ್ಷಕ್ಕ ಗೆಳತ್ಯಾರು ಕೂಡಿದ್ರ ಭಿಶಿ ಎಷ್ಟರದು ಹಾಕೋಣು, ಬಂಗಾರ ಈಗ ತಗೊಳ್ಳೋಣೋ ತಡಿಯೋಣೋ, ಫೋನಿನಾಗ ರೊಕ್ಕ ಕೊಟ್ರ ಖರ್ಚು ಕೈಗೆ ಹತ್ತೂದಿಲ್ಲ ಅಂತ ಮಾತು. ಅವತ್ತಿನ ಮಾತೂ ಹಿಂತಾದ್ದ ಇತ್ತು. ನಿಮ್ಮನ್ಯಾಗ ಎಂಬತ್ತು ದಾಟಿದವರಿದ್ರ ಈ ಯುಗಾದಿಗೆ ಬೇವು ಕೊಡುವಾಗ ಒಂದು ಮಾತು ಕೇಳ್ರಿ: ನಯಾ ಪೈಸೆ ಬಂದಾಗ ನಿಮ್ಮವ್ವ ಲೆಕ್ಕ ಹೆಂಗ ಹಾಕತಿದ್ದರು ಅಂತ. ಅವರು ಹೇಳಿದ್ದನ್ನ ಬರದಿಡ್ರಿ. ಆ ಲೆಕ್ಕ ಯಾವ ಕಿರ್ದಿಯಾಗೂ ಸಿಗೂದಿಲ್ಲ.