ಚಂಚಲ ಪರಿಸರದಲ್ಲಿ ವಿದ್ಯುದಾವೇಶದ ಚಲನೆ: ಚಲನಶೀಲತೆ ಎಂಬ ಅಳತೆಯ ಮಿತಿ

ವಿದ್ಯುತ್ ಕ್ಷೇತ್ರದಲ್ಲಿರುವ ಆವೇಶಯುಕ್ತ ಕಣ ಕ್ಷೇತ್ರದ ಸೆಳೆತಕ್ಕೆ ಒಂದು ದಿಕ್ಕಿಗೆ ಸಾಗುತ್ತಲೇ, ಸುತ್ತಲಿನ ಉಷ್ಣಚಲನೆಯಿಂದಾಗಿ ಅಡ್ಡಾದಿಡ್ಡಿ ಚದುರುತ್ತದೆ. ಈ ಎರಡನ್ನೂ ಐನ್‌ಸ್ಟೈನ್ 1905ರಲ್ಲಿ ಒಂದೇ ಸೂತ್ರಕ್ಕೆ ತಂದರು. ಅದನ್ನು ಎಲೆಕ್ಟ್ರಾನಿಗೆ ಅನ್ವಯಿಸಿದರೆ, 300 ಕೆಲ್ವಿನ್‌ನಲ್ಲಿ ವಿಸರಣಾಂಕಕ್ಕೂ (ಚದುರುವಿಕೆಯ ಅಳತೆ) ಚಲನಶೀಲತೆಗೂ (ಏಕಮಾನ ಕ್ಷೇತ್ರಕ್ಕೆ ಕಣ ಸಾಗುವ ವೇಗ) ಇರುವ ಅನುಪಾತ ಸುಮಾರು 26 ಮಿಲಿವೋಲ್ಟ್. ಆದರೆ ಕಣವು ಪರಿಸರದೊಡನೆ ಉಷ್ಣ ಸಮತೋಲದಲ್ಲಿರಬೇಕು, ಕ್ಷೇತ್ರ ದುರ್ಬಲವಾಗಿರಬೇಕು ಎಂಬುದು ಇದರ ಷರತ್ತು.

ಅಸ್ಫಟಿಕ ಆರ್ಸೆನಿಕ್ ಸೆಲೆನೈಡ್‌ನಲ್ಲಿ ಈ ಷರತ್ತು ಈಡೇರುವುದಿಲ್ಲ. ಎರಡು ವಿದ್ಯುದ್ವಾರಗಳ ನಡುವಿನ ತೆಳುಪದರದ ಒಂದು ಬದಿಗೆ ಕ್ಷಣಿಕ ಬೆಳಕು ಬಿಟ್ಟು, ಹುಟ್ಟಿದ ಆವೇಶಗಳು ಆಚೆ ಬದಿ ಸೇರುವವರೆಗಿನ ಪ್ರವಾಹವನ್ನು ಅಳೆಯುತ್ತಾರೆ. ಕ್ರಮಬದ್ಧ ಸ್ಫಟಿಕದಲ್ಲಾದರೆ ಪ್ರವಾಹ ಕೆಲಕಾಲ ಸಮನಾಗಿದ್ದು ಥಟ್ಟನೆ ಬೀಳುತ್ತದೆ. ಇಲ್ಲಿ ಮೊದಲಿನಿಂದಲೇ ಇಳಿಯತೊಡಗಿ ಉದ್ದನೆಯ ಬಾಲ ಬಿಡುತ್ತದೆ. 1975ರಲ್ಲಿ ಹಾರ್ವೆ ಶೆರ್ ಮತ್ತು ಎಲಿಯಟ್ ಮಾಂಟ್ರೋಲ್ ಕಾರಣ ಕೊಟ್ಟರು: ಆವೇಶವು ಒಂದೊಂದು ನೆಲೆಯಲ್ಲೂ ಸಿಕ್ಕಿಬಿದ್ದು ಕಾಯುತ್ತದೆ, ಆ ಕಾಯುವಿಕೆಗೆ ಸರಾಸರಿಯೇ ಇಲ್ಲದಷ್ಟು ಹರವು ಇದೆ. ಕಾಲ, ಪ್ರವಾಹ ಎರಡನ್ನೂ ಲಾಗರಿದಮ್ ಅಳತೆಪಟ್ಟಿಯಲ್ಲಿ ಗುರುತಿಸಿದರೆ ಎರಡು ಸರಳರೇಖೆಗಳು ಮೂಡುತ್ತವೆ. ಅವುಗಳ ಇಳಿಜಾರುಗಳ ಮೊತ್ತ −2 ಆಗಬೇಕು ಎಂಬುದು ಈ ಸಿದ್ಧಾಂತದ ಅತ್ಯಂತ ಸುಂದರ ಫಲಿತಾಂಶವೆಂದು ನನ್ನ ಭಾವನೆ.

ಪರಿಣಾಮ ಗಂಭೀರವಾದುದು. ಕಾಯುವಿಕೆಯ ಹರವನ್ನು ಸೂಚಿಸುವ, ಸಿದ್ಧಾಂತದ ಘಾತಾಂಕ 0.5 ಎಂದಿಟ್ಟುಕೊಳ್ಳೋಣ. ಕ್ಷೇತ್ರವನ್ನು ಬದಲಿಸದೆ ಪದರದ ದಪ್ಪವನ್ನು ಇಮ್ಮಡಿಸಿದರೆ ದಾಟುವ ಕಾಲ ನಾಲ್ಕು ಪಟ್ಟಾಗುತ್ತದೆ, ಲೆಕ್ಕಕ್ಕೆ ಸಿಗುವ ಚಲನಶೀಲತೆ ಅರ್ಧಕ್ಕಿಳಿಯುತ್ತದೆ. ವಸ್ತು ಮಾತ್ರ ಅದೇ!

ಮೇಲಿನ ಚಿತ್ರದಲ್ಲಿ ಅವ್ಯವಸ್ಥೆ ಹೆಪ್ಪುಗಟ್ಟಿದೆ. ಪರಿಸರವೇ ಚಂಚಲವಾಗಿದ್ದರೆ? ರುಬ್ರೀನ್, ಪೆಂಟಸೀನ್‌ಗಳಂಥ ಸಾವಯವ ಸ್ಫಟಿಕಗಳಲ್ಲಿ ಅಣುಗಳು ಪಿಕೊಸೆಕೆಂಡ್ ಆಸುಪಾಸಿನ ಅವಧಿಯಲ್ಲಿ ಕಂಪಿಸುತ್ತ, ನೆರೆಯ ಅಣುವಿನೊಡನೆ ತಮಗಿರುವ ಎಲೆಕ್ಟ್ರಾನಿಕ್ ಬಂಧವನ್ನು ಏರಿಳಿಸುತ್ತವೆ. 2006ರಲ್ಲಿ ಟ್ರೊಯಿಸಿ ಮತ್ತು ಒರ್ಲಾಂಡಿ ತೋರಿಸಿದಂತೆ, ಈ ಏರಿಳಿತ ಕಡೆಗಣಿಸುವಷ್ಟು ಸಣ್ಣದಲ್ಲ; ಬಂಧದ ಸರಾಸರಿ ಬೆಲೆಗೇ ಹತ್ತಿರವಾದುದು. ಕಂಪನವನ್ನು ಒಂದು ಕ್ಷಣಕ್ಕೆ ಸ್ತಬ್ಧಗೊಳಿಸಿದರೆ ಒಂದು ಆಯಾಮದ ಸಾಲಿನಲ್ಲಿ ಎಲೆಕ್ಟ್ರಾನಿನ ತರಂಗ ಅಲ್ಲೇ ಸೆರೆಯಾಗುತ್ತದೆ. ಕಂಪನ ಮುಂದುವರಿದಾಗ ಸೆರೆ ಸಡಿಲಗೊಂಡು ವಿಸರಣೆ ಸಾಧ್ಯವಾಗುತ್ತದೆ. ತಡೆಯೊಡ್ಡುವುದೂ ಬಿಡಿಸುವುದೂ ಅದೇ ಕಂಪನ. ಹಾಗಾಗಿ ಅವ್ಯವಸ್ಥೆಯ ಪ್ರಮಾಣವೊಂದೇ ಸಾಲದು. ಪರಿಸರ ಬದಲಾಗುವ ಕಾಲವನ್ನು ಆವೇಶ ಕಾಯುವ ಕಾಲದೊಡನೆ ಹೋಲಿಸಬೇಕು. ಪರಿಸರ ಬೇಗ ಬದಲಾದರೆ ದೀರ್ಘ ಕಾಯುವಿಕೆಗಳು ಕಡಿದುಹೋಗಿ ಸಾಮಾನ್ಯ ವಿಸರಣೆ ಮರಳುತ್ತದೆ.

ಪದರದ ದಪ್ಪ, ಕ್ಷೇತ್ರದ ತೀವ್ರತೆ, ತಾಪ ಇವುಗಳನ್ನು ನಮೂದಿಸದೆ ಬರಿಯ ಚಲನಶೀಲತೆಯ ಅಂಕಿಯನ್ನಷ್ಟೇ ಕೊಡುವ ಪ್ರಬಂಧಗಳನ್ನು ಅವ್ಯವಸ್ಥಿತ ವಸ್ತುಗಳ ಹೋಲಿಕೆಗೆ ಆಧಾರವಾಗಿ ಬಳಸಬಾರದು.