ಹಾರುವ ತಟ್ಟೆ ಹುಟ್ಟಿದ ದಿನ (ಭಾಗ 3)

1947 ಜೂನ್ 24, ಮಧ್ಯಾಹ್ನ ಮೂರರ ಹೊತ್ತು, ಅಮೆರಿಕದ ವಾಷಿಂಗ್ಟನ್ ರಾಜ್ಯ. ಕೆನೆತ್ ಅರ್ನಾಲ್ಡ್ ಅನ್ನೋ 32 ವರ್ಷದ ವ್ಯಾಪಾರಿ ತನ್ನ ಪುಟ್ಟ ವಿಮಾನದಲ್ಲಿ ಒಬ್ಬನೇ ಹೊರಟಿದ್ದ. ಬೆಂಕಿ ಆರಿಸೋ ಉಪಕರಣ ಮಾರೋದು ಅವನ ಕಸುಬು. ಮೌಂಟ್ ರೇನಿಯರ್ ಕಡೆ ಕಾಣೆಯಾಗಿದ್ದ ಸೇನಾ ವಿಮಾನ ಹುಡುಕಿಕೊಟ್ಟವರಿಗೆ 5,000 ಡಾಲರ್ ಬಹುಮಾನ ಇತ್ತು. ನೋಡೇ ಬಿಡೋಣ ಅಂತ ಆ ಕಡೆ ತಿರುಗಿಸಿದ. ಅಷ್ಟರಲ್ಲಿ ಫಳ್ ಅಂತ ಬೆಳಕು. ಒಂಬತ್ತು ವಸ್ತುಗಳು ಸಾಲಾಗಿ ಹಾರಿಹೋದವು.

ನಂಗೆ ಇಷ್ಟ ಆಗೋದು ಆಮೇಲೆ ಅವನು ಮಾಡಿದ್ದು. ಗಾಜಿನ ಪ್ರತಿಬಿಂಬ ಇರಬಹುದಾ ಅಂತ ಕಿಟಕಿ ತೆಗೆದು ನೋಡಿದ. ಗಡಿಯಾರ ನೋಡಿ ಟೈಮ್ ಲೆಕ್ಕ ಹಾಕಿದ: ರೇನಿಯರ್‌ನಿಂದ ಮೌಂಟ್ ಆಡಮ್ಸ್‌ವರೆಗೆ 1 ನಿಮಿಷ 42 ಸೆಕೆಂಡ್. ಅಂದ್ರೆ ಗಂಟೆಗೆ 2,600 ಕಿ.ಮೀ.ಗಿಂತ ಜಾಸ್ತಿ! ಇದು ಅತಿಯಾಯ್ತು ಅಂತ ತಾನೇ ಸುಮಾರು 1,900ಕ್ಕೆ ಇಳಿಸಿದ. ಚಕ್ ಯೇಗರ್ ಶಬ್ದದ ವೇಗ ದಾಟಿದ್ದು ಆ ವರ್ಷದ ಅಕ್ಟೋಬರ್‌ನಲ್ಲಿ, ನೆನಪಿರಲಿ.

ನೀರಿನ ಮೇಲೆ ಸಾಸರ್ ಎಸೆದ್ರೆ ಕುಪ್ಪಳಿಸುತ್ತಲ್ಲ, ಹಾಗೆ ಹಾರಿದವು ಅಂತ ತಾನು ಹೇಳಿದ್ದು ಅಂತ ಅರ್ನಾಲ್ಡ್ ಆಮೇಲೆ ವಿವರಿಸಿದ. ಸೇನೆಗೆ ಬರೆದುಕೊಟ್ಟ ಚಿತ್ರದಲ್ಲಿ ಆಕಾರ ಶೂ ಹಿಮ್ಮಡಿಯ ಥರ ಇದೆ. ಪೇಪರ್‌ಗಳು ಮಾತ್ರ 'ಹಾರುವ ತಟ್ಟೆ' ಮಾಡಿಬಿಟ್ಟವು.

ಜುಲೈನಲ್ಲಿ ವಾಯುಪಡೆಯ ಇಬ್ಬರು ಗುಪ್ತಚರ ಅಧಿಕಾರಿಗಳು, ಬ್ರೌನ್ ಮತ್ತು ಡೇವಿಡ್‌ಸನ್, ಅವನನ್ನ ವಿಚಾರಿಸಿದರು. ಸುಳ್ಳು ಹೇಳೋ ಮನುಷ್ಯ ಅಲ್ಲ ಅನ್ನಿಸ್ತು. ಅಷ್ಟರಲ್ಲಿ ಟಕೋಮಾ ಹತ್ತಿರ ಇನ್ನಿಬ್ಬರು, ನಮ್ಮ ದೋಣಿ ಮೇಲೆ ತಟ್ಟೆ ಚೂರು ಉದುರಿಸಿತು ಅಂದರು. ಅದನ್ನ ವಿಚಾರಿಸೋಕೆ ಹೋದ ಅರ್ನಾಲ್ಡ್‌ನೇ ಈ ಅಧಿಕಾರಿಗಳನ್ನ ಕರೆಸಿದ. ಕಥೆ ಕಟ್ಟುಕಥೆ ಅಂತ ಆಮೇಲೆ ಎಫ್‌ಬಿಐ ತೀರ್ಮಾನಿಸಿತು. ಆದ್ರೆ ವಾಪಸ್ ಹೋಗುವಾಗ, ಆಗಸ್ಟ್ 1ರಂದು, ಅವರ ಬಿ-25 ವಿಮಾನಕ್ಕೆ ಬೆಂಕಿ ಹತ್ತಿ ಕೆಲ್ಸೋ ಬಳಿ ಬಿತ್ತು. ಜೊತೆಗಿದ್ದ ಇಬ್ಬರು ಪ್ಯಾರಾಚೂಟ್‌ನಲ್ಲಿ ಬಚಾವಾದರು, ಬ್ರೌನ್, ಡೇವಿಡ್‌ಸನ್ ಸತ್ತರು. ಯಾರದೋ ಸುಳ್ಳಿಗೆ ಎರಡು ಜೀವ. ಯುಎಫ್‌ಓ ರೀಲ್ಸ್ ಮಾಡೋರು ಇದನ್ನ ಹೇಳಲ್ಲ.

ಅರ್ನಾಲ್ಡ್ ಕೇಸ್‌ನಲ್ಲಿ ಕೊಕ್ಕೆ ಹಿಡಿದದ್ದು ವಾಯುಪಡೆಗೆ ಸಲಹೆ ಕೊಡ್ತಿದ್ದ ಖಗೋಳ ವಿಜ್ಞಾನಿ ಅಲೆನ್ ಹೈನೆಕ್. ಸುಮಾರು 15 ಮೀಟರ್ ಉದ್ದದ ವಸ್ತು ಅಷ್ಟು ದೂರದಲ್ಲಿದ್ರೆ ಕಣ್ಣಿಗೆ ಆ ವಿವರ ಕಾಣೋದೇ ಇಲ್ಲ. ಕಂಡಿದೆ ಅಂದ್ರೆ ತುಂಬಾ ಹತ್ತಿರ ಇದ್ದಿರಬೇಕು. ಹತ್ತಿರ ಇದ್ರೆ ವೇಗವೂ ಕಮ್ಮಿ, ಆ ಕಾಲದ ಮಾಮೂಲಿ ವಿಮಾನದಷ್ಟು. ಗಡಿಯಾರ ಸರಿ, ದೂರದ ಅಂದಾಜು ತಪ್ಪು ಅನ್ನೋದು ವಾದ.

ತಮಾಷೆ ಏನಂದ್ರೆ ವಾಯುಪಡೆಯ ಫೈಲ್‌ನಲ್ಲಿ ಕೊನೆಗೆ ಬಿದ್ದ ಷರಾ ವಿಮಾನ ಅಂತಲೂ ಅಲ್ಲ, ಮರೀಚಿಕೆ ಅಂತ! ನಂಗಂತೂ ಹೈನೆಕ್ ಲೆಕ್ಕವೇ ಒಪ್ಪಿಗೆ. ಮುಂದಿನ ಪೋಸ್ಟ್: ಪ್ರಾಜೆಕ್ಟ್ ಬ್ಲೂ ಬುಕ್, 12,618 ಕೇಸ್, ಅದರಲ್ಲಿ ಉತ್ತರ ಸಿಗದ 701.